ಚರ್ಮ ಹಿಗ್ಗುವುದೇ, ಬೆಳೆಯುವುದೇ?

'ಅಂಗಾಂಶ ವಿಸ್ತರಣೆ' ಎಂಬ ಚಿಕಿತ್ಸೆಯನ್ನು ತರಗತಿಗಳಲ್ಲಿ, ಜನಪ್ರಿಯ ಲೇಖನಗಳಲ್ಲಿ ವಿವರಿಸುವಾಗ ಒಂದು ಹೋಲಿಕೆ ಮತ್ತೆ ಮತ್ತೆ ಬರುತ್ತದೆ. ಚರ್ಮದ ಕೆಳಗೆ ಬಲೂನಿಟ್ಟು ಊದಿಸಿದರೆ ಚರ್ಮ ರಬ್ಬರಿನಂತೆ ಹಿಗ್ಗುತ್ತದೆ, ಹಿಗ್ಗಿದ ಚರ್ಮವನ್ನು ಗಾಯದ ಜಾಗಕ್ಕೆ ಎಳೆದು ಹೊಲಿಯುತ್ತಾರೆ ಎಂಬುದೇ ಆ ವಿವರಣೆ. ಕೇಳಲು ಸುಲಭ, ನೆನಪಿನಲ್ಲೂ ಉಳಿಯುತ್ತದೆ. ಆದರೆ ಇದು ಅರ್ಧ ಮಾತ್ರ ಸರಿ. ತಪ್ಪಾದ ಅರ್ಧದಿಂದ ರೋಗಿಗೆ ತೊಂದರೆಯಾಗಬಹುದು.

ಹೋಲಿಕೆ ಎಲ್ಲಿಂದ ಬಂತೆಂಬುದು ಸ್ಪಷ್ಟ. 1957ರಲ್ಲಿ ಅಮೆರಿಕದ ಚಾರ್ಲ್ಸ್ ನ್ಯೂಮನ್ ಕಿವಿಯ ಪುನರ್ರಚನೆಗೆ ಬೇಕಾದ ಚರ್ಮ ಪಡೆಯಲು ನಿಜವಾದ ರಬ್ಬರ್ ಬಲೂನನ್ನೇ ಬಳಸಿದ ವರದಿ ಪ್ರಕಟಿಸಿದರು. 1970ರ ದಶಕದಲ್ಲಿ ಚೆಡೋಮಿರ್ ರಾಡೋವಾನ್ ಸಿಲಿಕೋನ್ ಚೀಲವನ್ನು ಬಳಕೆಗೆ ತಂದರು. ಇಂದಿನ ಕ್ರಮವೂ ಸ್ಥೂಲವಾಗಿ ಅದೇ. ಗಾಯದ ಪಕ್ಕದ ಆರೋಗ್ಯವಂತ ಚರ್ಮದಡಿ ಖಾಲಿ ಚೀಲವಿಡುತ್ತಾರೆ. ಸಾಮಾನ್ಯವಾಗಿ ವಾರಕ್ಕೊಮ್ಮೆ ಸೂಜಿಯಿಂದ ಸ್ವಲ್ಪ ಸ್ವಲ್ಪವೇ ಲವಣ ದ್ರಾವಣ ತುಂಬುತ್ತಾರೆ. ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ಇದು ನಡೆಯುತ್ತದೆ. ಕೊನೆಗೆ ಎರಡನೆಯ ಶಸ್ತ್ರಚಿಕಿತ್ಸೆಯಲ್ಲಿ ಚೀಲ ತೆಗೆದು, ದೊರೆತ ಚರ್ಮವನ್ನು ಗಾಯದ ಜಾಗಕ್ಕೆ ಸರಿಸುತ್ತಾರೆ.

ಈಗ ಒಂದು ಲೆಕ್ಕ ಮಾಡಿ ನೋಡಿ. ಚೀಲದ ತಳ 5 ಸೆಂ.ಮೀ. ತ್ರಿಜ್ಯದ ವೃತ್ತ ಎನ್ನಿ. ಅದರ ಮೇಲಿನ ಚರ್ಮದ ವಿಸ್ತೀರ್ಣ ಸುಮಾರು 78.5 ಚದರ ಸೆಂ.ಮೀ. ಚೀಲ ಅರ್ಧಗೋಳವಾಗುವಷ್ಟು, ಅಂದರೆ ಸುಮಾರು 262 ಮಿಲಿಲೀಟರ್ ದ್ರಾವಣ ತುಂಬಿದರೆ ಮೇಲ್ಮೈ 157 ಚದರ ಸೆಂ.ಮೀ. ಆಗುತ್ತದೆ. ವಿಸ್ತೀರ್ಣ ಎರಡರಷ್ಟಾಯಿತು. ಚರ್ಮ ಬರೀ ರಬ್ಬರಾಗಿದ್ದರೆ ಅದರ ದಪ್ಪ ಅರ್ಧಕ್ಕಿಳಿಯಬೇಕಿತ್ತು. ನಮ್ಮ ಕಡೆ ಜೋಳದ ರೊಟ್ಟಿ ತಟ್ಟುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರೊಟ್ಟಿ ಅಗಲವಾದಷ್ಟೂ ತೆಳ್ಳಗಾಗುತ್ತದೆ, ಏಕೆಂದರೆ ಹಿಟ್ಟು ಇದ್ದಷ್ಟೇ ಇದೆ.

ಚರ್ಮದಲ್ಲಿ ಕಂಡುಬರುವುದು ಬೇರೆ. ಒಳಚರ್ಮ ಮತ್ತು ಅದರಡಿಯ ಕೊಬ್ಬು ತೆಳುವಾಗುವುದು ನಿಜ. ಆದರೆ ಹೊರಚರ್ಮ ತೆಳುವಾಗುವುದಿಲ್ಲ, ತುಸು ದಪ್ಪವೇ ಆಗುತ್ತದೆ. ಅಲ್ಲಿ ಕೋಶ ವಿಭಜನೆ ಹೆಚ್ಚುತ್ತದೆ, ರಕ್ತನಾಳಗಳೂ ಹೆಚ್ಚುತ್ತವೆ. 2020ರಲ್ಲಿ ಬೆಲ್ಜಿಯಂನ ಸೆಡ್ರಿಕ್ ಬ್ಲಾನ್‌ಪೇನ್ ಮತ್ತು ಸಂಗಡಿಗರು ಇಲಿಗಳ ಮೇಲೆ ನಡೆಸಿದ ಅಧ್ಯಯನವನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಎಳೆತಕ್ಕೊಳಗಾದ ಚರ್ಮದ ಆಕರಕೋಶಗಳು ತಮ್ಮಂಥ ಕೋಶಗಳನ್ನು ಹೆಚ್ಚಾಗಿ ಉತ್ಪಾದಿಸುವತ್ತ ವಾಲುತ್ತವೆ ಎಂದು ಅದು ತೋರಿಸಿತು. ಅಂದರೆ ರೊಟ್ಟಿ ತಟ್ಟುತ್ತಿರುವಾಗಲೇ ಹಿಟ್ಟು ಕೂಡಿಕೊಳ್ಳುತ್ತಿದೆ!

ಹಾಗಾದರೆ ಬಲೂನಿನ ಹೋಲಿಕೆ ಪೂರ್ತಿ ಸುಳ್ಳೇ? ಅಲ್ಲ. ದ್ರಾವಣ ತುಂಬಿದ ಕೂಡಲೇ ಆಗುವುದು ಸ್ಥಿತಿಸ್ಥಾಪಕ ಹಿಗ್ಗುವಿಕೆಯೇ. ಸುತ್ತಲಿನ ಚರ್ಮವೂ ಸ್ವಲ್ಪ ಸರಿದು ಬರುತ್ತದೆ. ಚೀಲ ತೆಗೆದಾಗ ಚರ್ಮ ಒಂದಿಷ್ಟು ಕುಗ್ಗುವುದೂ ಇದರಿಂದಲೇ. ನಮ್ಮ ಲೆಕ್ಕದ 78.5 ಚದರ ಸೆಂ.ಮೀ. ಹೆಚ್ಚಳ ಪೂರ್ತಿಯಾಗಿ ಕೈಗೆ ಸಿಗದು. ಕುಗ್ಗಿದ ಮೇಲೂ ಉಳಿಯುವ ಲಾಭದಲ್ಲಿ ಬೆಳವಣಿಗೆಯ ಪಾಲು ಮುಖ್ಯ, ಮತ್ತು ಬೆಳವಣಿಗೆಗೆ ಸಮಯ ಬೇಕು.

ಇಲ್ಲಿಯೇ ನನ್ನ ಮುಖ್ಯ ಆಕ್ಷೇಪ. ಬಲೂನಿನ ಹೋಲಿಕೆ ಸಮಯವನ್ನು ಮರೆಸುತ್ತದೆ. ಬಲೂನನ್ನು ಒಂದೇ ಉಸಿರಿಗೆ ಊದಬಹುದು, ಚರ್ಮವನ್ನು ಹಾಗೆ ಊದಿಸಲಾಗದು. ಒತ್ತಡ ಮಿತಿಮೀರಿದರೆ ಲೋಮನಾಳಗಳು ಅದುಮಿಹೋಗಿ ರಕ್ತ ಹರಿಯದು. ಚರ್ಮ ಬಿಳಿಚಿಕೊಳ್ಳುತ್ತದೆ, ಹಾಗೆಯೇ ಬಿಟ್ಟರೆ ಸಾಯುತ್ತದೆ. ಆದ್ದರಿಂದ ವೈದ್ಯರು ಚರ್ಮದ ಬಣ್ಣ ಹಾಗೂ ರೋಗಿಯ ನೋವನ್ನು ಗಮನಿಸುತ್ತ ತುಂಬುತ್ತಾರೆ, ಬೇಕಾದರೆ ತುಂಬಿದ್ದನ್ನು ಸ್ವಲ್ಪ ಹಿಂದಕ್ಕೆ ತೆಗೆಯುತ್ತಾರೆ.

ಸುಟ್ಟಗಾಯ ಮಾಗಿ ಕತ್ತು ಬಿಗಿದುಕೊಂಡ ಬಾಲಕಿಯೊಬ್ಬಳನ್ನು ಊಹಿಸಿಕೊಳ್ಳಿ. ಝಳಕಿಯಂಥ ಊರಿನಿಂದ ವಿಜಯಪುರಕ್ಕೋ ಸೊಲ್ಲಾಪುರಕ್ಕೋ ವಾರ ವಾರ ಹೋಗಿಬರಬೇಕೆಂದರೆ ಮನೆಯವರ ಕೂಲಿ ತಪ್ಪುತ್ತದೆ, ಅವಳ ಶಾಲೆ ತಪ್ಪುತ್ತದೆ. ದಿನೇ ದಿನೇ ದೊಡ್ಡದಾಗುವ ಉಬ್ಬನ್ನು ಕಂಡು ಜನ ಆಡಿಕೊಳ್ಳುತ್ತಾರೆ. 'ಬರೀ ಊದಿಸುವುದಾದರೆ ಒಂದೇ ಸಲ ಯಾಕೆ ಮುಗಿಸಬಾರದು?' ಎಂದು ಮನೆಯವರು ಕೇಳಿದರೆ ಅದು ಸಹಜ. ಬಲೂನಿನ ಪಾಠ ಕಲಿತವನಲ್ಲಿ ಇದಕ್ಕೆ ಉತ್ತರವಿಲ್ಲ. ಆ ವಾರಗಳಲ್ಲಿ ಹೊಸ ಚರ್ಮ ತಯಾರಾಗುತ್ತಿದೆ ಎಂದು ತಿಳಿದವನಲ್ಲಿದೆ. ಸೋಂಕು ತಗಲುವ, ಚೀಲ ಹೊರಚಾಚುವ ಅಪಾಯ ಈ ಚಿಕಿತ್ಸೆಯಲ್ಲಿ ಇದೆ. ಪಕ್ಕದಲ್ಲಿ ಒಳ್ಳೆಯ ಚರ್ಮವೇ ಉಳಿಯದವರಿಗೆ ಇದು ಒದಗದು. ಇವನ್ನೂ ಹೇಳಬೇಕು.

'ವಿಸ್ತರಣೆ' ಎಂಬ ಪದವನ್ನೇ ಬಿಡಬೇಕೆ? 'ಬೆಳೆಸುವಿಕೆ' ಎಂದರೆ ಅಂಗಾಂಶ ಕೃಷಿಯೊಂದಿಗೆ ಗೊಂದಲವಾದೀತು. ಪದ ಇರಲಿ, ವಿವರಣೆ ಬದಲಾಗಲಿ. ಕಾಯಿಸಿದ ಕಬ್ಬಿಣದ ಸರಳು ಹಿಗ್ಗಿದಾಗ ಅದರ ದ್ರವ್ಯರಾಶಿ ಹೆಚ್ಚುವುದಿಲ್ಲ, ಇಲ್ಲಿ ಹೆಚ್ಚುತ್ತದೆ ಎಂಬ ವ್ಯತ್ಯಾಸವನ್ನು ಮೊದಲೇ ಹೇಳಿಬಿಡಿ.

ವಿದ್ಯಾರ್ಥಿ ಇನ್ನೂ ಒಪ್ಪದಿದ್ದರೆ ಮೂಳೆಯ ಉದಾಹರಣೆ ಕೊಡಿ. ಸೋವಿಯತ್ ಒಕ್ಕೂಟದ ಕುರ್ಗಾನ್‌ನಲ್ಲಿ 1950ರ ದಶಕದಿಂದ ಗವ್ರೀಲ್ ಇಲಿಜಾರೋವ್ ರೂಪಿಸಿದ ವಿಧಾನದಲ್ಲಿ, ಕತ್ತರಿಸಿದ ಮೂಳೆಯ ತುದಿಗಳನ್ನು ದಿನಕ್ಕೆ ಸುಮಾರು 1 ಮಿ.ಮೀ.ನಂತೆ ದೂರ ಸರಿಸುತ್ತಾರೆ. ನಡುವಿನ ಜಾಗದಲ್ಲಿ ಹೊಸ ಮೂಳೆ ಬೆಳೆಯುತ್ತದೆ. ಮೂಳೆಯನ್ನು ರಬ್ಬರ್ ಎಂದು ಯಾರೂ ಹೇಳಲಾರರು. ಅವಸರಿಸಿದರೆ ಅಲ್ಲಿಯೂ ಮೂಳೆ ಸರಿಯಾಗಿ ಕೂಡುವುದಿಲ್ಲ.