ವಾರಪತ್ರಿಕೆ ಪ್ರತಿವಾರ ಬರುತ್ತಿತ್ತು

ಕೆಲವು ವರ್ಷಗಳ ಹಿಂದೆ ನಮ್ಮ ಬಡಾವಣೆಯ ಲೈಬ್ರರಿಯ ಮೇಲೆ ನಾನೊಂದು ಪೋಸ್ಟ್ ಬರೆದಿದ್ದೆ. ಪೇಪರ್ ಟೇಬಲ್ಲಿನ ಮೇಲೆ ಒಂದೇ ಪಕ್ಷದ ಒಲವಿರುವ ಪತ್ರಿಕೆಗಳೇ ತುಂಬಿವೆ, ನಾನು ಮೆಚ್ಚುವ ವಾರಪತ್ರಿಕೆ ತಿಂಗಳಿಂದ ಕಾಣುತ್ತಿಲ್ಲ, ಗ್ರಂಥಪಾಲಕರು ಬೇಕಂತಲೇ ನಿಲ್ಲಿಸಿದ್ದಾರೆ ಅಂತ. ಸ್ವಲ್ಪ ವ್ಯಂಗ್ಯವನ್ನೂ ಸೇರಿಸಿದ್ದೆ. ನಮ್ಮ ಕಡೆಯವರೆಲ್ಲ ‘ಸರಿಯಾಗಿ ಕೊಟ್ರಿ’ ಅಂದರು. ನನಗೂ ಖುಷಿಯಾಯಿತು.

ವಾರದ ನಂತರ ಹೋದಾಗ ಆ ಗ್ರಂಥಪಾಲಕರು ಜಗಳ ಆಡಲಿಲ್ಲ. ಒಂದು ರಿಜಿಸ್ಟರ್ ತೆಗೆದು ನನ್ನ ಮುಂದಿಟ್ಟರು. ವಾರಪತ್ರಿಕೆ ಬಂದ ಒಂದೊಂದು ತಾರೀಖೂ ಅದರಲ್ಲಿತ್ತು. ‘ಬಾಗಿಲು ತೆಗೀತಿದ್ದಂಗೇ ಒಬ್ರು ಯಜಮಾನ್ರು ಬಂದು ಅದನ್ನ ಹಿಡ್ಕೊಂಡು ಒಳಗಡೆ ಕೂತ್ಕೋತಾರೆ ಸಾರ್. ನೀವು ಬರೋದು ಹನ್ನೊಂದಕ್ಕೆ. ಒಂದ್ ಮಾತು ಕೇಳಿದ್ರೆ ಇಸ್ಕೊಡ್ತಿದ್ದೆ’ ಅಂದರು.

ನಾನು ಕೇಳಿರಲಿಲ್ಲ. ಮನೆಗೆ ಬಂದವನು ಸದ್ದಿಲ್ಲದೆ ಪೋಸ್ಟ್ ಅಳಿಸಿಹಾಕಿದೆ.

ಇದೆಲ್ಲ ಮತ್ತೆ ನೆನಪಾಗಿದ್ದು ಮೈಕೆಲ್ ಗೋರ್ಮನ್ ಪ್ರಸಂಗವನ್ನು ಓದುವಾಗ. ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ನಿನ ಮುಂದಿನ ಅಧ್ಯಕ್ಷರಾಗಿ ಆಯ್ಕೆಯಾಗಿದ್ದ ಗೋರ್ಮನ್, 2004ರ ಡಿಸೆಂಬರಿನಲ್ಲಿ ಲಾಸ್ ಏಂಜಲೀಸ್ ಟೈಮ್ಸ್‌ನಲ್ಲಿ ಒಂದು ಲೇಖನ ಬರೆದರು. ದೊಡ್ಡ ಗ್ರಂಥಾಲಯಗಳ ಪುಸ್ತಕಗಳನ್ನು ಸ್ಕ್ಯಾನ್ ಮಾಡುವ ಗೂಗಲ್‌ನ ಯೋಜನೆಯನ್ನು ಅದರಲ್ಲಿ ಪ್ರಶ್ನಿಸಿದ್ದರು. ಬ್ಲಾಗಿಗರು ಅವರ ಮೇಲೆ ಮುಗಿಬಿದ್ದರು. 2005ರ ಫೆಬ್ರುವರಿಯಲ್ಲಿ ಅವರು ಲೈಬ್ರರಿ ಜರ್ನಲ್‌ನಲ್ಲಿ ಉತ್ತರ ಕೊಟ್ಟರು. ಬ್ಲಾಗ್ ಮಂದಿಗೆ ದೀರ್ಘವಾದ, ಜಟಿಲವಾದ ಬರಹವನ್ನು ಕೂತು ಓದುವ ಅಭ್ಯಾಸವೇ ಇದ್ದಂತಿಲ್ಲ ಎಂಬುದು ಅದರ ಧಾಟಿ.

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ರಿಜಿಸ್ಟರ್ ನೋಡದೆ ತೀರ್ಪು ಕೊಟ್ಟ ನನ್ನಂಥವನಿಗೆ ಅದು ಸರಿಯಾಗಿಯೇ ತಾಗುತ್ತದೆ. ಆದರೆ ಇನ್ನರ್ಧ ತಪ್ಪು, ಅದೂ ಒಬ್ಬ ಗ್ರಂಥಪಾಲಕ ಮಾಡಬಾರದ ತಪ್ಪು. ಆಗ ಬ್ಲಾಗ್ ಬರೆಯುತ್ತಿದ್ದವರಲ್ಲಿ ಅವರದೇ ವೃತ್ತಿಯ ಎಷ್ಟೋ ಜನರಿದ್ದರು. ಎಲ್ಲರನ್ನೂ ಒಂದೇ ಗೋಣಿಚೀಲಕ್ಕೆ ತುಂಬಿದರು ಗೋರ್ಮನ್. ‘ಇದನ್ನು ಓದುವ ಯೋಗ್ಯತೆ ನಿನಗಿದೆಯಾ?’ ಅಂತ ಕೌಂಟರಿನ ಮುಂದೆ ನಿಂತವರನ್ನು ಕೇಳದಿರುವುದೇ ಆ ಕೆಲಸದ ಮೊದಲ ಮರ್ಯಾದೆ. ಅವರದೇ ಸಂಘದ ನೀತಿಸಂಹಿತೆಯೂ ವೈಯಕ್ತಿಕ ನಂಬಿಕೆ ಬೇರೆ, ವೃತ್ತಿಯ ಕರ್ತವ್ಯ ಬೇರೆ ಎನ್ನುತ್ತದೆ.

ಹಾಗಂತ ಸಂಹಿತೆ ಇದ್ದ ಮಾತ್ರಕ್ಕೆ ಎಲ್ಲ ಸರಿಯಿರುತ್ತದೆ ಎಂದೂ ಅಲ್ಲ. ಅದೇ ಸಂಘ ‘ಗ್ರಂಥಾಲಯ ಹಕ್ಕುಗಳ ಘೋಷಣೆ’ಯನ್ನು ಒಪ್ಪಿದ್ದು 1939ರಲ್ಲಿ. ಜನಾಂಗದ ಕಾರಣಕ್ಕೆ ಯಾರಿಗೂ ಲೈಬ್ರರಿ ಬಳಸುವ ಹಕ್ಕನ್ನು ನಿರಾಕರಿಸಬಾರದು ಅಂತ ಅದರಲ್ಲಿ ಸೇರಿಸಿದ್ದು 1961ರಲ್ಲಿ. ಆ ವರ್ಷ ಮಾರ್ಚ್ 27ರಂದು ಮಿಸಿಸಿಪ್ಪಿಯ ಜಾಕ್ಸನ್‌ನಲ್ಲಿ ಟೂಗಲೂ ಕಾಲೇಜಿನ ಒಂಬತ್ತು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗೆ ಮೀಸಲಾಗಿದ್ದ ಲೈಬ್ರರಿಗೆ ಹೋಗಿ ಕೂತು ಓದತೊಡಗಿದರು. ಅವರನ್ನು ಬಂಧಿಸಲಾಯಿತು. ‘ನಾವು ರಾಜಕೀಯಕ್ಕೆ ಬರುವುದಿಲ್ಲ’ ಎಂದು ಸುಮ್ಮನಿದ್ದ ಎಷ್ಟೋ ಗ್ರಂಥಾಲಯಗಳು ಆ ಮೌನದಲ್ಲೇ ಒಂದು ಪಕ್ಷ ಸೇರಿದ್ದವು. ತಟಸ್ಥ ಎನ್ನುವವರನ್ನೂ ಒಮ್ಮೆ ತಿರುಗಿ ನೋಡಬೇಕಾಗುತ್ತದೆ.

ಆದರೂ ಒಂದು ವ್ಯತ್ಯಾಸವಿದೆ. ಲೈಬ್ರರಿ ಪಕ್ಷಪಾತ ಮಾಡಿದರೆ ಹಿಡಿಯಲು ಒಂದು ದಾರಿ ಇರುತ್ತದೆ. ಯಾವ ಪುಸ್ತಕ ಯಾವಾಗ ಬಂತು, ಯಾರು ಆಯ್ಕೆ ಮಾಡಿದರು, ಯಾವುದನ್ನು ತೆಗೆದುಹಾಕಿದರು, ಎಲ್ಲೋ ಒಂದು ಕಡೆ ದಾಖಲಾಗಿರುತ್ತದೆ. ಹಾಗೆ ನೋಡಿದರೆ ಅಳತೆಗೋಲು ನಮ್ಮ ಬಳಿಯೇ ಇತ್ತು. ಬೆಂಗಳೂರಿನಲ್ಲಿ ಕೊನೆಯ ದಿನಗಳನ್ನು ಕಳೆದು 1972ರಲ್ಲಿ ಇಲ್ಲೇ ತೀರಿಕೊಂಡ ಎಸ್. ಆರ್. ರಂಗನಾಥನ್, 1931ರಲ್ಲೇ ಗ್ರಂಥಾಲಯದ ಐದು ಸೂತ್ರಗಳನ್ನು ಬರೆದಿಟ್ಟಿದ್ದರು. ಎರಡನೆಯದು ಓದುಗನ ಪರ, ಮೂರನೆಯದು ಪುಸ್ತಕದ ಪರ. ಓದುಗ ಯಾವ ಪಕ್ಷದವನು ಅಂತ ಎರಡನೆಯದು ಕೇಳುವುದಿಲ್ಲ. ಪುಸ್ತಕ ಗ್ರಂಥಪಾಲಕನಿಗೆ ಹಿಡಿಸಿತಾ ಅಂತ ಮೂರನೆಯದು ಕೇಳುವುದಿಲ್ಲ.

ನಮಗೆ ಬ್ಲಾಗಿಗರಿಗೆ ಅಂಥ ಸೂತ್ರವೂ ಇಲ್ಲ, ರಿಜಿಸ್ಟರೂ ಇಲ್ಲ. ಬ್ಲಾಗಿಗ ತಟಸ್ಥನಾಗಿರಬೇಕು ಅಂತ ನಾನು ಹೇಳುತ್ತಿಲ್ಲ. ನನಗೆ ಒಂದು ರಾಜಕೀಯವಿದೆ, ಅದನ್ನು ಮುಚ್ಚಿಟ್ಟಿಲ್ಲ, ಮುಂದೆಯೂ ಬಿಡಲ್ಲ. ಆದರೆ ಎದುರಿನವರನ್ನು ಒಂದು ಮಾತು ಕೇಳುವುದಕ್ಕೂ, ತಪ್ಪಾದರೆ ತಪ್ಪಾಯಿತು ಅಂತ ಅದೇ ಜಾಗದಲ್ಲಿ ಬರೆಯುವುದಕ್ಕೂ ನನ್ನ ರಾಜಕೀಯ ಯಾವತ್ತೂ ಅಡ್ಡ ಬಂದಿರಲಿಲ್ಲ. ಅಡ್ಡ ಬಂದಿದ್ದು ಆ ಚಪ್ಪಾಳೆ.

ಅಳಿಸಿದ್ದು ತಿದ್ದಿದಂತೆ ಅಲ್ಲ ಅಂತ ಅರ್ಥವಾಗಲು ನನಗೆ ಇಷ್ಟು ವರ್ಷ ಬೇಕಾಯಿತು. ಅಂದು ನನ್ನ ಪೋಸ್ಟ್ ಓದಿದವರ ತಲೆಯಲ್ಲಿ ಆ ಗ್ರಂಥಪಾಲಕರು ಇವತ್ತಿಗೂ ಪಕ್ಷಪಾತಿಯೇ. ನಾನು ಅಳಿಸಿದ್ದರಿಂದ ಉಳಿದದ್ದು ನನ್ನ ಮರ್ಯಾದೆ ಮಾತ್ರ, ಅವರದಲ್ಲ. ಅವರು ಈಗ ನಿವೃತ್ತರಾಗಿದ್ದಾರೆ ಅಂತ ಕೇಳಿದೆ. ಅವರು ಇದನ್ನು ಓದುತ್ತಾರೋ ಇಲ್ಲವೋ. ಅಂದು ನನಗೆ ‘ಸರಿಯಾಗಿ ಕೊಟ್ರಿ’ ಅಂದಿದ್ದವರಾದರೂ ದಯವಿಟ್ಟು ಓದಿ: ಆ ವಾರಪತ್ರಿಕೆ ಪ್ರತಿವಾರವೂ ಬರುತ್ತಿತ್ತು. ತಪ್ಪು ನನ್ನದು.