ಮುಳುಗಿದವರಿಗೆ ಮೊದಲು ಉಸಿರು

ಬೇಸಿಗೆ ರಜೆ ಶುರುವಾಯಿತೆಂದರೆ ಕೆರೆ, ಬಾವಿ, ಕಾಲುವೆಗಳೆಲ್ಲ ಮಕ್ಕಳ ಪಾಲು. ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿಯುವ ಸುಖವನ್ನು ಈ ಅಂಕಣದಲ್ಲಿ ಹಲವು ಸಲ ಹೊಗಳಿದ್ದೇನೆ. ಈ ವಾರ, ಈಜು ಬಲ್ಲವರೆಲ್ಲ ಕಲಿತಿರಲೇಬೇಕಾದ ಇನ್ನೊಂದು ವಿದ್ಯೆಯ ಮಾತು. ನೀರಿನಿಂದ ಎಳೆದು ತಂದವರ ಉಸಿರು ನಿಂತಿದ್ದರೆ ದಡದಲ್ಲಿ ಏನು ಮಾಡಬೇಕು?

ಮೊನ್ನೆ ನಮ್ಮ ಈಜುಕೊಳದಲ್ಲಿ ಇದರ ತರಬೇತಿ ನಡೆಯಿತು. ಬೊಂಬೆಯನ್ನು ಕೊಳದಿಂದ ಮೇಲೆತ್ತಿ ಮಲಗಿಸಿದ ಹುಡುಗ ಸೀದಾ ಎದೆ ಒತ್ತಲು ಶುರು ಮಾಡಿದ. ತರಬೇತುದಾರರು ಅವನ ಕೈ ಹಿಡಿದು ನಿಲ್ಲಿಸಿ, "ಇವನು ನೀರಿನಿಂದ ಬಂದವನು ಕಣಪ್ಪ, ಮೊದಲು ಗಾಳಿ ಕೊಡು" ಎಂದರು.

ಹುಡುಗ ಮೊಬೈಲಿನಲ್ಲಿ ನೋಡಿ ಕಲಿತದ್ದು ಹೃದಯಸ್ತಂಭನಕ್ಕೆ ಮಾಡುವ ಸಿಪಿಆರ್, ಅಂದರೆ ಎದೆ ಒತ್ತಿ ಬದುಕಿಸುವ ವಿಧಾನ. ನಡೆದುಹೋಗುತ್ತಿದ್ದವರ ಹೃದಯ ಏಕಾಏಕಿ ನಿಂತಾಗ ರಕ್ತದಲ್ಲಿ, ಶ್ವಾಸಕೋಶದಲ್ಲಿ ಆಮ್ಲಜನಕ ಇನ್ನೂ ಉಳಿದಿರುತ್ತದೆ. ಮೊದಲ ಕೆಲವು ನಿಮಿಷ ಬರೀ ಎದೆ ಒತ್ತಿದರೂ ಅದು ಮಿದುಳಿಗೆ ಮುಟ್ಟುತ್ತದೆ. ಮುಳುಗಿದವರಲ್ಲಿ ಮೊದಲು ನಿಲ್ಲುವುದು ಉಸಿರು. ಆಮ್ಲಜನಕ ತೀರುತ್ತಾ ಬಂದಂತೆ ಬಡಿತ ಕುಂದಿ, ಕೊನೆಗೆ ಹೃದಯ ನಿಲ್ಲುತ್ತದೆ. ಆಗ ಎದೆಯನ್ನಷ್ಟೇ ಒತ್ತುವುದೆಂದರೆ ಬತ್ತಿದ ಬಾವಿಗೆ ಪಂಪು ಹಾಕಿದಂತೆ. ಕೆಲವರನ್ನು ಮೇಲೆತ್ತಿದಾಗ ಉಸಿರು ನಿಂತಿದ್ದರೂ ಹೃದಯ ಕ್ಷೀಣವಾಗಿ ಬಡಿಯುತ್ತಲೇ ಇರುತ್ತದೆ. ಅಂಥವರು ನಾಲ್ಕಾರು ಉಸಿರಿಗೇ ಚೇತರಿಸಿಕೊಳ್ಳಬಹುದು.

ಆದ್ದರಿಂದ ಕ್ರಮ ಹೀಗೆ. ಕರೆದರೆ ಓಗೊಡುತ್ತಿಲ್ಲ, ಉಸಿರಾಟವಿಲ್ಲ, ಅಥವಾ ಆಗೊಮ್ಮೆ ಈಗೊಮ್ಮೆ ಮೇಲುಸಿರು ಎಳೆಯುತ್ತಿದ್ದಾನೆ ಎಂದರೆ ಅಂಗಾತ ಮಲಗಿಸಿ. ಒಬ್ಬರು 108ಕ್ಕೆ ಫೋನ್ ಮಾಡಲಿ. ಹಣೆ ಹಿಂದಕ್ಕೆ ಬಾಗಿಸಿ, ಗಲ್ಲ ಮೇಲೆತ್ತಿ, ಮೂಗು ಮುಚ್ಚಿ ಹಿಡಿದು, ಬಾಯಿಗೆ ಬಾಯಿ ಬಿಗಿಯಾಗಿ ಇಟ್ಟು ಒಂದು ಸೆಕೆಂಡಿನಷ್ಟು ಊದಿ. ಓರೆಗಣ್ಣಿನಲ್ಲಿ ಎದೆ ನೋಡಿ, ಅದು ಮೇಲೇಳಬೇಕು. ಏಳದಿದ್ದರೆ ತಲೆಯನ್ನು ಇನ್ನಷ್ಟು ಬಾಗಿಸಿ. ಯುರೋಪಿನ ಪದ್ಧತಿಯಲ್ಲಿ ಮೊದಲು ಐದು ಉಸಿರು, ಅಮೆರಿಕದ ಪದ್ಧತಿಯಲ್ಲಿ ಎರಡು. ಆಮೇಲೂ ಚಲನೆ ಕಾಣದಿದ್ದರೆ ಎದೆಯ ನಡುವೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ, ಮತ್ತೆ ಎರಡು ಉಸಿರು. ಮಕ್ಕಳಾದರೆ ಎದೆಯ ದಪ್ಪದ ಮೂರನೇ ಒಂದು ಭಾಗದಷ್ಟು ಒತ್ತಿದರೆ ಸಾಕು. ಬಾಯಿಗೆ ಬಾಯಿ ಇಡಲು ಆಗುವುದೇ ಇಲ್ಲ ಎನ್ನುವವರು ಎದೆಯನ್ನಾದರೂ ಒತ್ತಲಿ, ಸುಮ್ಮನೆ ನಿಲ್ಲುವುದಕ್ಕಿಂತ ಅದು ಎಷ್ಟೋ ಮೇಲು.

ಬಾಯಿಂದ ನೊರೆ ಬರುತ್ತದೆ, ಒರೆಸಿದಷ್ಟೂ ಉಕ್ಕುತ್ತದೆ. ಒರೆಸುತ್ತಾ ಕೂರಬೇಡಿ, ನೊರೆಯ ಮೂಲಕವೇ ಊದಿ. ವಾಂತಿಯಾದರೆ ಮಾತ್ರ ಪಕ್ಕಕ್ಕೆ ಹೊರಳಿಸಿ, ಬಾಯಿ ಬಳಿದು, ಮುಂದುವರಿಸಿ.

ನನಗೆ ಅತಿ ಹೆಚ್ಚು ಸಂಕಟ ಕೊಡುವುದು ನಮ್ಮಲ್ಲಿ ಇನ್ನೂ ಬಿಡದ ಒಂದು ರೂಢಿ: ಮಗುವಿನ ಕಾಲು ಹಿಡಿದು ತಲೆಕೆಳಗಾಗಿ ಗಿರಗಿರ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು. ಹೊರಬರುವುದು ಹೊಟ್ಟೆಯ ನೀರು. ಅದರ ಜತೆ ಬಂದ ಅನ್ನದ ಅಗುಳು ಶ್ವಾಸನಾಳಕ್ಕಿಳಿಯುತ್ತದೆ. ಶ್ವಾಸಕೋಶಕ್ಕೆ ಹೋದ ನೀರು ಸಾಮಾನ್ಯವಾಗಿ ಸ್ವಲ್ಪವೇ, ಅದನ್ನು ದೇಹವೇ ಬೇಗ ಹೀರಿಕೊಳ್ಳುತ್ತದೆ. ಹೀಗೆ ತಿರುಗಿಸುವ ಹೊತ್ತಿನಲ್ಲಿ ಮಗುವಿಗೆ ಎಷ್ಟು ಉಸಿರು ಕೊಡಬಹುದಿತ್ತು! ಬಾಯಿಂದ ಬಾಯಿಗೆ ಉಸಿರು ಕೊಡುವುದು ಹೊಸತೇನಲ್ಲ. ಕಾಲುವೆಗಳ ಊರಾದ ಆಮ್‌ಸ್ಟರ್‌ಡ್ಯಾಮಿನಲ್ಲಿ 1767ರಲ್ಲಿ ಹುಟ್ಟಿದ, ಮುಳುಗಿದವರನ್ನು ಬದುಕಿಸುವ ಸಂಘವೇ ಇದನ್ನು ಹೇಳಿಕೊಟ್ಟಿತ್ತು. ಎದೆ ಒತ್ತುವ ವಿಧಾನವನ್ನು ಬಾಲ್ಟಿಮೋರಿನ ಸಂಶೋಧಕರು ಪ್ರಕಟಿಸಿದ್ದು 1960ರಲ್ಲಿ.

ಬಟ್ಟೆ ಒಗೆಯಲು ಹೋದ ಬಸುರಿ ಹೆಂಗಸು ಮೆಟ್ಟಿಲಿನಿಂದ ಜಾರಿ ಮುಳುಗಿದರೆ? ಆಗಲೂ ಮೊದಲು ಉಸಿರೇ. ಆದರೆ ಗರ್ಭ ಹೊಕ್ಕುಳ ಮಟ್ಟಕ್ಕೆ ಬೆಳೆದಿದ್ದರೆ, ಅಂಗಾತ ಮಲಗಿದಾಗ ಅದು ಹೃದಯಕ್ಕೆ ರಕ್ತ ತರುವ ದೊಡ್ಡ ರಕ್ತನಾಳವನ್ನು ಅಮುಕುತ್ತದೆ. ಒಬ್ಬರು ಎದೆ ಒತ್ತುವಾಗ ಇನ್ನೊಬ್ಬರು ಎರಡೂ ಕೈಯಿಂದ ಹೊಟ್ಟೆಯನ್ನು ಆಕೆಯ ಎಡಕ್ಕೆ ಸರಿಸಿ ಹಿಡಿದಿರಬೇಕು. ಆಕೆಯ ಹೃದಯ ಆಸ್ಪತ್ರೆಯಲ್ಲಿ ನಿಂತರೆ, ಐದು ನಿಮಿಷದೊಳಗೆ ಮಗುವನ್ನು ಹೊರತೆಗೆಯಲು ವೈದ್ಯರು ನೋಡುತ್ತಾರೆ. ತಾಯಿ ಬದುಕುವ ಸಾಧ್ಯತೆಯೂ ಅದರಿಂದ ಹೆಚ್ಚುತ್ತದೆ.

ನಾರ್ವೆಯ ಕಥೆ ಕೇಳಿದವರು, ಎಷ್ಟು ಹೊತ್ತು ಮುಳುಗಿದ್ದರೂ ಬದುಕಿಸಬಹುದು ಎನ್ನುತ್ತಾರೆ. 1999ರಲ್ಲಿ ಅನ್ನಾ ಬೋಗೆನ್‌ಹಾಲ್ಮ್ ಎಂಬ ವೈದ್ಯೆ ಸ್ಕೀಯಿಂಗ್ ಮಾಡುವಾಗ ಹಿಮದಡಿಯ ತೊರೆಗೆ ಬಿದ್ದು 80 ನಿಮಿಷ ಸಿಕ್ಕಿಕೊಂಡಿದ್ದರು. ಮೈಬಿಸಿ 13.7 ಡಿಗ್ರಿಗೆ ಇಳಿದಿತ್ತು, ಹೃದಯ ನಿಂತಿತ್ತು. ಟ್ರೋಮ್ಸೋ ಆಸ್ಪತ್ರೆಯವರು ರಕ್ತವನ್ನು ಹೊರತೆಗೆದು ಕಾಯಿಸಿ, ಮತ್ತೆ ದೇಹಕ್ಕೆ ಹರಿಸಿ ಬದುಕಿಸಿದರು. ಆದರೆ ಅನ್ನಾಗೆ ಹಿಮದಡಿಯಲ್ಲಿ ಒಂದಿಷ್ಟು ಗಾಳಿ ಸಿಕ್ಕಿತ್ತು. ಉಸಿರು ನಿಲ್ಲುವ ಮೊದಲೇ ಮೈ ತಣ್ಣಗಾಗಿದ್ದರಿಂದ ಮಿದುಳಿಗೆ ಆಮ್ಲಜನಕದ ಅಗತ್ಯ ತೀರಾ ಕಡಿಮೆಯಾಗಿತ್ತು. ನಮ್ಮ ಬೇಸಿಗೆಯ ಕೆರೆ ನೀರಿನಲ್ಲಿ ಆ ಅನುಕೂಲವಿಲ್ಲ. ಇಲ್ಲಿ ಬದುಕಿಸುವುದು ದಡದಲ್ಲಿರುವವರೇ, ಮೊದಲ ಕೆಲವು ನಿಮಿಷಗಳಲ್ಲೇ.

ಉಸಿರು ಮರಳಿದವನು ಎದ್ದು ಕೂತು "ನನಗೇನೂ ಆಗಿಲ್ಲ, ಮನೆಗೆ ಹೋಗ್ತೀನಿ" ಎಂದರೂ ಬಿಡಬೇಡಿ. ಕೆಲವು ಗಂಟೆಗಳಲ್ಲಿ ಉಸಿರಾಟ ಮತ್ತೆ ಕೆಡಬಹುದು. ಒದ್ದೆ ಬಟ್ಟೆ ತೆಗೆದು ಒಣ ಹೊದಿಕೆ ಹೊದಿಸಿ, ಆಂಬುಲೆನ್ಸ್ ಬರುವವರೆಗೂ ಪಕ್ಕದಲ್ಲೇ ಇದ್ದು ಉಸಿರು ಗಮನಿಸಿ. ಎಷ್ಟು ಹೊತ್ತು ನೀರಿನಲ್ಲಿದ್ದ, ಉಸಿರು ಯಾವಾಗ ಬಂತು ಎಂಬುದನ್ನು ಡಾಕ್ಟರಿಗೆ ಹೇಳಲು ಒಬ್ಬರು ಅವನ ಜತೆಗೇ ಹೋಗಬೇಕು.