ಕೃಪೆ ಮತ್ತು ಗುರುಕಾರುಣ್ಯ

ಕ್ರೈಸ್ತರ ‘ಕೃಪೆ’ಯೂ ವೀರಶೈವರ ‘ಗುರುಕಾರುಣ್ಯ’ವೂ ಒಂದೇ ಎಂಬ ಮಾತು ದುರ್ಗದ ಸೀಮೆಯ ಶ್ರಾವಣ ಪ್ರವಚನಗಳಲ್ಲಿಯೂ ಕೇಳಿಬರುತ್ತದೆ. ಸೌಹಾರ್ದದ ದೃಷ್ಟಿಯಿಂದ ಇದು ಮೆಚ್ಚತಕ್ಕದ್ದೇ. ವಿಮರ್ಶೆಯ ದೃಷ್ಟಿಯಿಂದ ಸಾಲದು. ಬಾಸೆಲ್ ಮಿಷನ್ನಿನ ಪಾದ್ರಿಯಾಗಿದ್ದು 1924ರಲ್ಲಿ ಸರ್ವಜ್ಞನ ವಚನಗಳನ್ನು ಸಂಪಾದಿಸಿ ಪ್ರಕಟಿಸಿದ ಉತ್ತಂಗಿ ಚನ್ನಪ್ಪನವರಂತೆ (1881-1962) ಉಭಯ ಮೂಲಗಳನ್ನೂ ಬಲ್ಲವರು ವಿರಳ. ಉಳಿದವರಿಗೆ ಅನುವಾದವೇ ಆಧಾರ.

ಆ ಅನುವಾದವೇ ಕೊಂಚ ದಾರಿ ತಪ್ಪಿಸುತ್ತದೆ. ಸಂತ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಚರ್ಚಿಸುವ ಮೋಶೆಯ ವಿಧಿಯನ್ನು ಕನ್ನಡ ಬೈಬಲಿನ ಒಂದು ಅನುವಾದ ‘ನ್ಯಾಯಪ್ರಮಾಣ’ವೆಂದರೆ ಇನ್ನೊಂದು ‘ಧರ್ಮಶಾಸ್ತ್ರ’ವೆಂದಿತು. ಶಾಸ್ತ್ರವೆಂದೊಡನೆ ವಚನಗಳಲ್ಲಿ ಪಳಗಿದ ಕಿವಿಗೆ ಪೌಲನೂ ಶಾಸ್ತ್ರಖಂಡನೆಗೆ ನಿಂತ ಶರಣನಂತೆ ಕೇಳಿಸುತ್ತಾನೆ. ಆದರೆ ಅವನು ವಿಧಿಯನ್ನು ಪವಿತ್ರವೆಂದೇ ಒಪ್ಪಿದವನು. ಅದನ್ನು ಪಡೆಯದ ಅನ್ಯಜನರ ಹೃದಯದಲ್ಲಿಯೂ ಅದರ ಬರಹವುಂಟೆಂದವನು. ಅವನ ಆಕ್ಷೇಪವೇ ಬೇರೆ: ವಿಧಿಯು ಪಾಪವನ್ನು ತೋರಿಸುತ್ತದೆ, ಗೆಲ್ಲುವ ಬಲವನ್ನು ಕೊಡದು. ಮುಂದೆ ಅಲೆಕ್ಸಾಂಡ್ರಿಯದ ಕ್ಲೆಮೆಂಟನು ಯೆಹೂದ್ಯರಿಗೆ ವಿಧಿಯಿದ್ದಂತೆ ಗ್ರೀಕರಿಗೆ ತತ್ತ್ವಶಾಸ್ತ್ರವೇ ಉಪಾಧ್ಯಾಯನಾಯಿತೆಂದು ವಿವೇಕಕ್ಕೂ ಮನ್ನಣೆಯಿತ್ತನು.

ಐದನೆಯ ಶತಮಾನದಲ್ಲಿ ವಾದ ಕಾವೇರಿತು. ಒಳಿತನ್ನು ಮಾಡುವ ಶಕ್ತಿ ಮನುಷ್ಯನಲ್ಲಿ ಇದ್ದೇ ಇದೆಯೆಂಬುದು ಪೆಲಾಜಿಯಸನ ಮತ. ಹಿಪ್ಪೋದ ಬಿಷಪ್ ಅಗಸ್ಟೀನನಾದರೋ (354-430) ಆದಾಮನ ಪಾಪದಿಂದ ಸಂಕಲ್ಪವೇ ಕುಂದಿದೆ, ಒಳಿತನ್ನು ಬಯಸುವುದಕ್ಕೂ ಕೃಪೆ ಮುಂದಾಗಿ ಬರಬೇಕು ಎಂದನು. 418ರ ಕಾರ್ಥೇಜ್ ಧರ್ಮಸಭೆಯು ಪೆಲಾಜಿಯಸನ ಮತವನ್ನು ತಿರಸ್ಕರಿಸಿತು.

ನಮ್ಮಲ್ಲಿ ಕ್ರಮ ಬೇರೆ. ಸಿದ್ಧಾಂತಶಿಖಾಮಣಿಯ ಭಕ್ತಸ್ಥಲದಲ್ಲಿ ಪಿಂಡ, ಪಿಂಡಜ್ಞಾನ, ಸಂಸಾರಹೇಯಗಳಾದ ಮೇಲೆ ಗುರುಕಾರುಣ್ಯ. ದೇಹಾತ್ಮವಿವೇಕವೂ ವೈರಾಗ್ಯವೂ ದೀಕ್ಷೆಗೆ ಮೊದಲೇ ಬಂದುವು. ಪೆಲಾಜಿಯಸನು ಇಲ್ಲಿ ಹಿಗ್ಗಬಹುದು. ಆದರೆ ಅಗಸ್ಟೀನನು ಸುಮ್ಮನಿರುವವನಲ್ಲ. ಆ ಪಿಂಡಕ್ಕೆ ಚಿತ್ತಶುದ್ಧಿ ಎಲ್ಲಿಂದ ಬಂತೆಂದು ಕೇಳಿಯಾನು. ಅನೇಕ ಜನ್ಮಗಳ ಪುಣ್ಯದಿಂದ ಎಂಬುದು ಗ್ರಂಥದ ಉತ್ತರ. ಒಂದೇ ಜನ್ಮವನ್ನು ನಂಬಿದವನಿಗೆ ಈ ಬಾಗಿಲು ಮುಚ್ಚಿದೆ. ಆಣವಮಲವೇ ಆದಿಪಾಪವೆಂದು ಸರಿದೂಗಿಸುವವರೂ ಉಂಟು; ಅದು ಒಪ್ಪತಕ್ಕದ್ದಲ್ಲ. ಮಲವು ಅನಾದಿಯಾದ ಆವರಣವೇ ಹೊರತು ಪೂರ್ವಜನೊಬ್ಬನ ಅಪರಾಧದ ಪಾಲಲ್ಲ.

ಹಾಗಾದರೆ ಹೋಲಿಕೆಯೇ ಇಲ್ಲವೆ? ಉಂಟು, ಅದನ್ನು ಶಾಸ್ತ್ರಕ್ರಮದಲ್ಲಲ್ಲ, ಬಸವಣ್ಣನವರ ಆತ್ಮನಿವೇದನೆಯ ವಚನಗಳಲ್ಲಿ ಹುಡುಕಬೇಕು. ತನ್ನ ಮನಸ್ಸೇ ತನ್ನ ವಶವಾಗದೆಂದು ಕೂಡಲಸಂಗಮನಿಗೆ ಮೊರೆಯಿಡುವ ಆ ದನಿಗೂ ಅಗಸ್ಟೀನನ ‘ಕನ್ಫೆಷನ್ಸ್’ ಗ್ರಂಥದ ಮೊರೆಗೂ ನಂಟುಂಟು. ಬಸವಣ್ಣನವರು ಮಾತ್ರ ಆ ಅಸಹಾಯಕತೆಯನ್ನು ಯಾವ ಆದಾಮನ ತಲೆಗೂ ಕಟ್ಟಲಿಲ್ಲ. ಮೊರೆಯಿಡುತ್ತಲೇ ಜಂಗಮದಾಸೋಹವನ್ನು ನಡೆಸಿದರು.